ಮಗನಿಗೆ ಪುಲಕೇಶಿ ಅಂತ ಹೆಸರಿಡಬಹುದಾ? ಅರ್ಥ ಏನು, ಈಗ ಯಾರಾದರೂ ಇಡುತ್ತಾರಾ?

ಹಸ್ತದ ಅಪ್ಪ:
ಎಲ್ಲರಿಗೂ ನಮಸ್ಕಾರ. ನಮಗೆ ಗಂಡು ಮಗು ಆಗಿದೆ. ಹಸ್ತಾ ನಕ್ಷತ್ರ, ಒಂದನೇ ಪಾದ. ಹಾಗಾಗಿ ಹೆಸರು 'ಪು' ಅಕ್ಷರದಿಂದಲೇ ಶುರುವಾಗಬೇಕು ಅಂತ ಮನೆಯ ಹಿರಿಯರ ಆಸೆ. ಹುಡುಕಿದರೆ ಸಿಗುವುದು ಪುನೀತ್, ಪುಷ್ಕರ್, ಪುರಂದರ, ಪುಂಡಲೀಕ. ಪುನೀತ್ ಒಳ್ಳೆಯ ಹೆಸರೇ, ಆದರೆ ಈಗ ಎಲ್ಲಿ ಹೋದರೂ ಆ ಹೆಸರಿನ ಮಕ್ಕಳು ಸಿಗುತ್ತಾರೆ. ನನಗೆ ಮೊದಲಿನಿಂದಲೂ ಇಷ್ಟವಾದ ಹೆಸರು ಪುಲಕೇಶಿ. ಹೆಂಡತಿ ಒಪ್ಪಿದ್ದಾಳೆ. ಅಮ್ಮನಿಗೆ ಮಾತ್ರ ಎರಡು ಅನುಮಾನ. ಒಂದು, ಅಷ್ಟು ಚಿಕ್ಕ ಮಗುವಿಗೆ ಅಷ್ಟು ಭಾರದ ಹೆಸರು ಯಾಕೆ ಅಂತ. ಇನ್ನೊಂದು, ಕೇಶಿ ಅಂದರೆ ಕೃಷ್ಣ ಕೊಂದ ರಾಕ್ಷಸ ಅಲ್ವಾ ಅಂತ. ಈ ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಸರಿನ ನಿಜವಾದ ಅರ್ಥ ಏನು? ಪುಲಕೇಶಿ ಸರಿಯಾ, ಪುಲಿಕೇಶಿ ಸರಿಯಾ? ಈಗ ಈ ಹೆಸರಿನವರು ಯಾರಾದರೂ ಇದ್ದಾರಾ? ನಾಮಕರಣ ಹತ್ತಿರ ಬಂದಿದೆ, ದಯವಿಟ್ಟು ತಿಳಿದವರು ಹೇಳಿ.

ಶಾಸನ ಓದುಗ:
ಮೊದಲು ಅಮ್ಮನ ಪ್ರಶ್ನೆಗೆ ಉತ್ತರ. ಕೇಶಿ ಅಂದರೆ ಕೂದಲುಳ್ಳವನು, ಕೇಸರ ಇರುವವನು, ಅಷ್ಟೇ. ಕುದುರೆಯ ರೂಪದಲ್ಲಿ ಬಂದ ಆ ರಾಕ್ಷಸನಿಗೆ ಕೇಶಿ ಅಂತ ಹೆಸರು ಬಂದದ್ದೂ ಕತ್ತಿನ ಕೂದಲಿನಿಂದಲೇ. ಅಶ್ವಮೇಧ ಮಾಡಿದ ರಾಜನೇ ಈ ಹೆಸರು ಇಟ್ಟುಕೊಂಡಿದ್ದ, ಅಮ್ಮ ಧೈರ್ಯವಾಗಿ ಮೊಮ್ಮಗನನ್ನು ಕರೆಯಬಹುದು.

ಪೂರ್ತಿ ಹೆಸರಿನ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಪುಲಿ ಅಂದರೆ ಹಳಗನ್ನಡದಲ್ಲಿ ಹುಲಿ, ಅದಕ್ಕೆ ಸಂಸ್ಕೃತದ ಕೇಶಿ ಸೇರಿ 'ಹುಲಿಯಂಥ ಕೂದಲುಳ್ಳವನು' ಅನ್ನುವುದು ಒಂದು ವಾದ. ಪುಲಕ, ಅಂದರೆ ರೋಮಾಂಚನ, ಅದರಿಂದ ಬಂದದ್ದು ಅನ್ನುವವರು ಇನ್ನೊಂದು ಕಡೆ. 'ಮಹಾಸಿಂಹ' ಅಂತ ಅರ್ಥ ಮಾಡಿದವರೂ ಇದ್ದಾರೆ. ನನಗೆ ಮೊದಲನೆಯದೇ ಹಿಡಿಸುತ್ತದೆ. ಆಗಿನ ಕಾಲದಲ್ಲಿ ನಮ್ಮ ಕಡೆ ಕನ್ನಡ ಮತ್ತು ಸಂಸ್ಕೃತ ಬೆರೆಸಿ ಹೆಸರಿಡುವುದು ವಿಚಿತ್ರವೇನೂ ಅಲ್ಲ. ಹುಲಿಗೆರೆ ಕೂಡ ಮೊದಲು ಪುಲಿಗೆರೆಯೇ ಆಗಿತ್ತಲ್ಲ, ಈಗಿನ ಲಕ್ಷ್ಮೇಶ್ವರ. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ರಾಜನ ಹೆಸರು ಮಾತ್ರ ಬದಲಾಗದೆ ಹಾಗೇ ಉಳಿಯಿತು.

ಇನ್ನು ಸರಿ ತಪ್ಪಿನ ಪ್ರಶ್ನೆ. ಶಾಸನಗಳಲ್ಲೇ ಪುಲಕೇಶಿ, ಪುಲಿಕೇಶಿ, ಪೊಲೆಕೇಶಿ ಅಂತ ಬೇರೆ ಬೇರೆ ರೂಪ ಸಿಗುತ್ತವೆ. ಐಹೊಳೆಗೆ ಹೋದರೆ ದುರ್ಗದ ಗುಡಿ ನೋಡಿ ವಾಪಸ್ ಬರಬೇಡಿ. ಗುಡ್ಡದ ಮೆಟ್ಟಿಲು ಹತ್ತಿ ಮೇಗುಟಿ ಬಸದಿಗೆ ಹೋಗಿ. ಅದರ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನ ಇದೆ, ಶಕ 556, ಅಂದರೆ ಕ್ರಿ.ಶ. 634-35. ಒಟ್ಟು 19 ಸಾಲು. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳೆಯ ಕನ್ನಡ ಲಿಪಿ. ಅದರಲ್ಲಿ ಕೆತ್ತಿರುವ ರೂಪ ಪೊಲೆಕೇಶಿ. ಒಂದನೇ ಪುಲಕೇಶಿಯನ್ನು ಕವಿ ಹೇಗೆ ಹೊಗಳಿದ್ದಾನೆ ಗೊತ್ತಾ? ಲಕ್ಷ್ಮಿಯ ವಲ್ಲಭನಾಗಿದ್ದರೂ ವಾತಾಪಿ, ಅಂದರೆ ಈಗಿನ ಬಾದಾಮಿ ಪಟ್ಟಣ ಅನ್ನುವ ವಧುವಿಗೆ ವರನಾದ ಅಂತ. ಆ ಸಾಲು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಇದೇ ಶಾಸನದಲ್ಲಿ ಕಾಳಿದಾಸ, ಭಾರವಿಯರ ಹೆಸರೂ ಬರುತ್ತದೆ. ಇಮ್ಮಡಿ ಪುಲಕೇಶಿಯಿಂದ ಸೋತ ಹರ್ಷನ ಹರ್ಷವೇ ಭಯದಲ್ಲಿ ಕರಗಿ ಹೋಯಿತು ಅನ್ನುವ ಮಾತು ಬರುವುದೂ ಇಲ್ಲೇ.

ಹೀಗಾಗಿ ಪುಲಕೇಶಿ, ಪುಲಿಕೇಶಿ ಎರಡೂ ನಡೆಯುತ್ತದೆ. ನೀವು ಬಾಯ್ತುಂಬ ಕರೆಯುವುದು ಯಾವುದೋ ಅದನ್ನೇ ಇಡಿ.

ಬಾಗಲಕೋಟೆಯ ಪುಲಕೇಶಿ:
ಈ ಹೆಸರಿನವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಲ್ಲ, ನಾನೇ ಇದ್ದೇನೆ ಸರ್. ನಮ್ಮ ತಂದೆ ಇತಿಹಾಸದ ಮಾಸ್ತರು, ಅದಕ್ಕೇ ಈ ಹೆಸರು. ನಮ್ಮ ಕಡೆ ಆಗೊಮ್ಮೆ ಈಗೊಮ್ಮೆ ಸಿಗುತ್ತಾರೆ, ಆದರೆ ನಾನು ಓದಿದ ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಇನ್ನೊಬ್ಬ ಪುಲಕೇಶಿ ಇರಲಿಲ್ಲ. ಇನಿಷಿಯಲ್ ಹೇಳುವ ಕಷ್ಟವೇ ಬರಲಿಲ್ಲ.

ಭಾರದ ಹೆಸರು ಅನ್ನುವುದು ನಾಮಕರಣದ ದಿನ ಮಾತ್ರ ಅನಿಸುತ್ತದೆ. ಮನೆಯಲ್ಲಿ ನಾನು ಪುಲ್ಯಾ, ಅವ್ವನಿಗೆ ಪುಟ್ಯಾ, ಆಫೀಸಿನಲ್ಲಿ ಕೇಶಿ. ಪೂರ್ತಿ ಹೆಸರು ಕರೆಯುತ್ತಿದ್ದವರು ಅಪ್ಪ ಒಬ್ಬರೇ, ಅದೂ ಸಿಟ್ಟು ಬಂದಾಗ. ಚಾಲುಕ್ಯರ ಪಾಠ ಬಂದ ವಾರ ಕ್ಲಾಸಿನ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಆಗ ಸ್ವಲ್ಪ ಮುಜುಗರ ಆಗಿತ್ತು, ಆದರೆ ಆ ಪಾಠದಲ್ಲಿ ನನ್ನಷ್ಟು ಮಾರ್ಕ್ಸ್ ಯಾರೂ ತೆಗೆಯಲಿಲ್ಲ. ಬೆಂಗಳೂರಿನಲ್ಲಿ ಮಾತ್ರ ಒಂದು ತೊಂದರೆ. ಫ್ರೇಜರ್ ಟೌನಿಗೆ ಪುಲಕೇಶಿನಗರ ಅಂತ ಹೆಸರಿದೆ, ವಿಧಾನಸಭಾ ಕ್ಷೇತ್ರದ ಹೆಸರೂ ಅದೇ. ಫೋನಿನಲ್ಲಿ ಹೆಸರು ಹೇಳಿದರೆ ಏರಿಯಾ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. 'ನನ್ನ ಹೆಸರು' ಅಂತ ಒತ್ತಿ ಹೇಳಬೇಕಾಗುತ್ತದೆ.

ಒಂದೇ ಕೋರಿಕೆ. ಹೆಸರು ಇಡುವುದಾದರೆ ಪೂರ್ತಿ ಇಡಿ. ಸುಮ್ನೆ ಪುಲಕ್ ಅಂತ ಕತ್ತರಿಸಿ ದಾಖಲೆಯಲ್ಲಿ ಹಾಕಬೇಡಿ. ಮನೆಯಲ್ಲಿ ಹೇಗೆ ಬೇಕಾದರೂ ಕರೆಯಿರಿ.

ಚೆನ್ನೈ ಅಕ್ಕ:
ನಾನು ಮದುವೆಯಾದಾಗಿನಿಂದ ಚೆನ್ನೈಯಲ್ಲಿದ್ದೇನೆ, ಅದಕ್ಕೆ ಇನ್ನೊಂದು ಕಡೆಯ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಗ ಮುಂದೆ ತಮಿಳುನಾಡಿನಲ್ಲಿ ಓದುವುದೋ ಕೆಲಸ ಮಾಡುವುದೋ ಆದರೆ, ಇಲ್ಲಿ ಈ ಹೆಸರು ಕೇಳಿದ ತಕ್ಷಣ ಎಷ್ಟೋ ಜನರಿಗೆ ನೆನಪಾಗುವುದು 2006ರ ಒಂದು ತಮಿಳು ಹಾಸ್ಯ ಚಿತ್ರ. ಅದರಲ್ಲಿ ಬರುವ ದಡ್ಡ ರಾಜನ ಹೆಸರು ಪುಲಿಕೇಸಿ. ನನ್ನ ತಮ್ಮನ ಮಗನಿಗೆ ಇದೇ ಹೆಸರು. ಬೇಸಿಗೆ ರಜೆಗೆ ಬಂದಾಗ ಇಲ್ಲಿನ ಹುಡುಗರು ಅವನನ್ನು ರೇಗಿಸಿದರು. ಅವನು ಸುಮ್ಮನಾಗಲಿಲ್ಲ, ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ಹರ್ಷನನ್ನು ಸೋಲಿಸಿದ ಕಥೆ ಪೂರ್ತಿ ಹೇಳಿದ. ಅದಕ್ಕೆ ಒಬ್ಬ ಹುಡುಗ, ಹಾಗಾದರೆ ವಾತಾಪಿಯನ್ನು ಗೆದ್ದವರು ಯಾರು ಅಂತ ಕೇಳಿದ. ಅದೂ ನಿಜವೇ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದು 'ವಾತಾಪಿಕೊಂಡ' ಅನ್ನುವ ಬಿರುದು ಪಡೆದ, ಅವನ ಶಾಸನ ಇವತ್ತಿಗೂ ಬಾದಾಮಿಯ ಬಂಡೆಯ ಮೇಲೆ ಇದೆ. ಗೆಲುವು ಸೋಲು ಎರಡನ್ನೂ ಮಗುವಿಗೆ ಹೇಳಿಕೊಟ್ಟು ಬೆಳೆಸಿ, ಯಾರು ಏನು ಕೇಳಿದರೂ ಉತ್ತರ ಕೊಡುತ್ತಾನೆ. ನನಗಂತೂ ಈ ಹೆಸರು ತುಂಬಾ ಇಷ್ಟ.

ಹಸ್ತದ ಅಪ್ಪ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾಸನದ ವಿಷಯ ಅಮ್ಮನಿಗೆ ಓದಿ ಹೇಳಿದೆ. ವಾತಾಪಿ ವಧು ಅನ್ನುವುದನ್ನು ಕೇಳಿ ಅವರು ಖುಷಿಯಾದರು, ಅರ್ಧ ಒಪ್ಪಿದ ಹಾಗೆ. ಇನ್ನೊಂದು ಪ್ರಶ್ನೆ. ವಿಕ್ರಮಾದಿತ್ಯ ಚಾಲುಕ್ಯರ ಹೆಸರೂ ಹೌದು, ವಿಕ್ರಮ್ ಅಂತ ಊರಿಗೆ ಹತ್ತು ಜನ ಇದ್ದಾರೆ. ಮಯೂರ ಕದಂಬರ ಹೆಸರು, ಅದೂ ಸಾಕಷ್ಟಿದೆ. ಪುಲಕೇಶಿ ಮಾತ್ರ ಯಾಕೆ ಇಷ್ಟು ಅಪರೂಪ? ಮತ್ತೆ, ಜನನ ಪ್ರಮಾಣಪತ್ರಕ್ಕೆ ಹೆಸರು ಈಗಲೇ ಕೊಡಬೇಕಾ?

ಶಾಸನ ಓದುಗ:
ರಾಜರ ಮನೆತನದಲ್ಲೇ ಅದು ಹೆಚ್ಚು ದಿನ ಓಡಲಿಲ್ಲ ಸರ್. ಬಾದಾಮಿಯಲ್ಲಿ ಇಬ್ಬರು. ಆಮೇಲೆ ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ ಅಂತ 'ಆದಿತ್ಯ'ಗಳೇ ಜಾಸ್ತಿ. ಕಲ್ಯಾಣದ ಚಾಲುಕ್ಯರಲ್ಲಿ ತೈಲಪ, ಸೋಮೇಶ್ವರ, ವಿಕ್ರಮಾದಿತ್ಯರು ಸಿಗುತ್ತಾರೆ, ಸತ್ಯಾಶ್ರಯ ಅನ್ನುವ ಪುಲಕೇಶಿಯ ಬಿರುದು ಕೂಡ ಹೆಸರಾಗಿ ಸಿಗುತ್ತದೆ, ಆದರೆ ಪುಲಕೇಶಿ ಅಂತ ಯಾರೂ ಪಟ್ಟಕ್ಕೆ ಬರಲಿಲ್ಲ. ಇದರ ಜೊತೆಗೆ ವಿಕ್ರಮ ಅಂದರೆ ಅರ್ಥ ಕೇಳುವ ಕೆಲಸವಿಲ್ಲ, ಮಯೂರ ಅಂದರೆ ನವಿಲು ಅಂತ ಎಲ್ಲರಿಗೂ ಗೊತ್ತು. ಅರ್ಥ ಹೇಳಲು ತಡವರಿಸುವ ಹೆಸರನ್ನು ಇಡಲು ಜನ ಹಿಂದೆಮುಂದೆ ನೋಡುತ್ತಾರೆ ಅನ್ನುವುದು ನನ್ನ ಅಂದಾಜು.

ಒಬ್ಬನನ್ನು ಮರೆಯಬಾರದು. ಗುಜರಾತಿನ ನವಸಾರಿಯಲ್ಲಿ ಆಳಿದ ಚಾಲುಕ್ಯ ಶಾಖೆಯಲ್ಲಿ ಅವನಿಜನಾಶ್ರಯ ಪುಲಕೇಶಿ ಇದ್ದ. ಸಿಂಧ್ ಕಡೆಯಿಂದ ಬಂದ ಅರಬರ ಸೈನ್ಯವನ್ನು ತಡೆದವನು. ಅವನ ತಾಮ್ರಪಟ 739ರದು. 'ಅವನಿಜನಾಶ್ರಯ' ಅನ್ನುವುದು ಅವನ ಬಿರುದು, ಭೂಮಿಯ ಜನರಿಗೆ ಆಸರೆಯಾದವನು ಅಂತ ಅರ್ಥ. ಶಾಲೆಯ ಪುಸ್ತಕದಲ್ಲಿ ಇವನ ಹೆಸರೇ ಬರುವುದಿಲ್ಲ ಅಂತ ನನಗೆ ನಿಜವಾಗಿಯೂ ಬೇಸರ ಇದೆ.

ಎರಡು ಮಕ್ಕಳ ತಾಯಿ:
ಪ್ರಮಾಣಪತ್ರದ ಬಗ್ಗೆ ನಾನು ಹೇಳುತ್ತೇನೆ. 21 ದಿನದ ಒಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರು ಆಗಲೇ ಕೊಡಬೇಕು ಅಂತ ಇಲ್ಲ. ನೋಂದಣಿಯಾದ 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ತಡವಾದ ಶುಲ್ಕ ಕಟ್ಟಬೇಕು. ಹಾಗಾಗಿ ಅವಸರ ಬೇಡ. ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಮೊದಲೇ ಒಂದು ಹಾಳೆಯಲ್ಲಿ ಬರೆದು ಗಂಡ ಹೆಂಡತಿ ಇಬ್ಬರೂ ನೋಡಿಕೊಳ್ಳಿ. 'ಎಲ್' ಆದಮೇಲೆ 'ಎ' ಬರಬೇಕಾ 'ಐ' ಬರಬೇಕಾ, ಕೊನೆಗೆ 'ಎಸ್‌ಎಚ್‌ಐ' ಇದೆಯಾ ಅಂತ. ನನ್ನ ದೊಡ್ಡ ಮಗನ ಹೆಸರಿನಲ್ಲಿ 'ಎಚ್' ಬಿಟ್ಟುಹೋಗಿ, ಆಧಾರ್‌ನಲ್ಲಿ ಒಂದು ಥರ, ಶಾಲೆಯಲ್ಲಿ ಇನ್ನೊಂದು ಥರ ಆಗಿ, ಪಾಸ್‌ಪೋರ್ಟ್ ಹೊತ್ತಿಗೆ ಓಡಾಡಿ ಸಾಕಾಯಿತು. ಕನ್ನಡದಲ್ಲೂ 'ಕೇಶಿ' ಅಂತಲೇ ಟೈಪ್ ಆಗಿದೆಯಾ, 'ಕೇಸಿ' ಅಂತ ಆಗಿದೆಯಾ ನೋಡಿ, ಸಹಿ ಹಾಕುವ ಮೊದಲೇ ಸರಿಮಾಡಿಸಿ.