ಎರಿ ದಾರಿ, ಹಳೆಯ ಜಿಪ್ಸಿ: ಮೊದಲ ಸಲ ಓಡಿಸಿದವರು ಹೇಳಿ

ಕೇಳಿದವರು, ಮುಧೋಳ ಕಡೆಯಿಂದ:
ಹೋದ ವಾರ ಹಳೆಯ ಜಿಪ್ಸಿ ಒಂದನ್ನು ತಗೊಂಡೆ. ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಆದರೆ ಫೋರ್ ವೀಲ್ ಗಾಡಿ, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವಂಥದ್ದು, ಇದೇ ಮೊದಲು. ಹೊಲಕ್ಕೆ ಹೋಗುವ ದಾರಿ ಎರಡು ಕಿಲೋಮೀಟರ್ ಎರಿ ಮಣ್ಣು, ನಡುವೆ ಒಂದು ಹಳ್ಳ. ಮಳೆ ಹಿಡಿಯುವ ಮುಂಚೆ ಕೈ ಕೂರಬೇಕು. ಮೊದಲ ಸಲ ಓಡಿಸಿದಾಗ ನಿಮಗೆ ಏನಾಯಿತು, ಏನು ಕಲಿತಿರಿ, ದಯವಿಟ್ಟು ಹೇಳಿ.

ವಿಜಯಪುರ, ಡೋಣಿ ನದಿ ಸಾಲಿನಿಂದ:
ನಿಮ್ಮ ಮಾತು ಓದಿದ ಕೂಡಲೇ ನನ್ನ ಬಲಗೈ ಹೆಬ್ಬೆರಳು ನೆನಪಾಯಿತು ಅಣ್ಣಾವ್ರೇ. ನಾನು ಕಲಿತದ್ದು ಕಾಕಾನ ಜಿಪ್ಸಿಯಲ್ಲಿ. ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. 1985ರಲ್ಲಿ ಬಂತಲ್ಲ, ಆ ಮೊದಲ ಮಾದರಿ, 970 ಸಿಸಿ ಎಂಜಿನ್. ಪವರ್ ಸ್ಟೇರಿಂಗ್ ಇಲ್ಲ. ನಾಲ್ಕೂ ಕಡೆ ಲಾರಿಗೆ ಇರುವಂಥ ಪಾಟಾ ಸ್ಪ್ರಿಂಗ್.

ಕಾಕಾ ಗೇರಿನ ಬಗ್ಗೆ ಆಮೇಲೆ ಹೇಳಿದ. ಮೊದಲು ಹೇಳಿದ್ದು, "ತಮ್ಮಾ, ಹೆಬ್ಬೆರಳು ಸ್ಟೇರಿಂಗಿನ ಒಳಗ ಸುತ್ತಬ್ಯಾಡ, ಮ್ಯಾಲ ಇಡು." ಕಾರು ಹಿಡಿದ ರೂಢಿ, ಮರೆತೆ. ಬದುವಿನ ಹತ್ತಿರ ಮುಂದಿನ ಗಾಲಿ ಒಂದು ಕಲ್ಲಿಗೆ ತಾಗಿತು. ಸ್ಟೇರಿಂಗ್ ತಾನೇ ಗರ್ರನೆ ತಿರುಗಿ, ಅದರ ಅಡ್ಡಪಟ್ಟಿ ಬೆರಳಿಗೆ ಬಡಿಯಿತು. ಹದಿನೈದು ದಿನ ಬಾವು ಇಳಿಯಲಿಲ್ಲ, ರೊಟ್ಟಿ ಮುರಿಯಲೂ ಆಗಲಿಲ್ಲ. ಹಳೆ ಗಾಡಿ ಹಿಡಿಯುವವರು ಇದನ್ನು ಮೊದಲ ದಿನವೇ ಕಲಿಯಬೇಕು.

ಇನ್ನು ಎರಿ ಮಣ್ಣು. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತಾರಲ್ಲ, ಜೋಳಕ್ಕೆ ಬಂಗಾರದಂಥ ಮಣ್ಣೇ ಗಾಲಿಗೆ ವೈರಿ. ಹಿಂಗಾರಿ ಬಿತ್ತನೆಗೆ ಮುಂಚೆ ಒಂದು ಸಂಜೆ ಜೋರು ಮಳೆಯಾಗಿತ್ತು. ಬೆಳಿಗ್ಗೆ ಬಿಸಿಲು ನೋಡಿ ಗಾಡಿ ತೆಗೆದೆ. ಇನ್ನೂರು ಹೆಜ್ಜೆಯೊಳಗೆ ಟಾಯರಿನ ಹಲ್ಲು ಮುಚ್ಚಿಹೋಯಿತು. ಹಲ್ಲು ಮುಚ್ಚಿದ ಮೇಲೆ ಟಾಯರ್ ಅಂದರೆ ನುಣ್ಣಗಿನ ಉರುಳೆ, ಅಷ್ಟೇ. ನಾನು ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ಮೇಲಿನ ನಾಲ್ಕು ಬೆರಳು ಮಾತ್ರ ರಾಡಿ, ಕೆಳಗೆ ಗಟ್ಟಿ ಇತ್ತು. ಗಾಲಿ ಸುಮ್ನೆ ತಿರುಗಿ ತಿರುಗಿ ಆ ಗಟ್ಟಿಯನ್ನೂ ಕೊರೆದು ಕೂತಿತು. ಆಮೇಲೆ ಮಡ್‌ಗಾರ್ಡಿಗೂ ಟಾಯರಿಗೂ ನಡುವೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತಿತು.

ಕಾಕಾ ಬಂದ. ಬಯ್ಯಲಿಲ್ಲ. ಕುಡಗೋಲಿನ ತುದಿಯಿಂದ ಆ ಮಣ್ಣನ್ನು ಕೆರೆಯುತ್ತ ಕೂತ. ಕಣಕದ ಹಾಗೆ ನಾದಿಕೊಂಡಿತ್ತು. ಕರ್ರಗೆ, ಮಿರಮಿರ ಹೊಳೆಯುತ್ತ, ನಡುನಡುವೆ ಜೋಳದ ದಂಟಿನ ಚೂರು. ಅರ್ಧ ತಾಸು ಬೇಕಾಯಿತು. ಹೋದ ವರ್ಷದ ತೊಗರಿ ಕಟ್ಟಿಗೆ ತಂದು ಗಾಲಿಗಳ ಹಿಂದೆ ಹಾಸಿದ. ಫೋರ್ ಲೋ (ನಾಲ್ಕೂ ಗಾಲಿಗೆ ನಿಧಾನ, ಹೆಚ್ಚು ಎಳೆತ ಕೊಡುವ ಗೇರು) ಹಾಕಿಸಿ, ಬಂದ ಜಾಡಿನಲ್ಲೇ ರಿವರ್ಸ್ ತೆಗೆಸಿದ. ಆಕ್ಸಿಲರೇಟರ್ ಅಂತೂ ಮುಟ್ಟಿದರೆ ಮುಟ್ಟಿದ ಹಾಗೆ. ಗಾಡಿಯ ತೂಕ ಒಂದು ಟನ್ನಿನ ಒಳಗೆ ಇದ್ದದ್ದಕ್ಕೆ ಎದ್ದು ಬಂತು. ಭಾರದ ಗಾಡಿಯಾಗಿದ್ದರೆ ಟ್ರ್ಯಾಕ್ಟರ್ ಕರೆಸಬೇಕಿತ್ತು.

ಅವತ್ತಿನಿಂದ ನನಗೊಂದು ಪದ್ಧತಿ. ಮಳೆಯಾದ ಮರುದಿನ ಮೊದಲು ಇಳಿದು ನಡೆಯುತ್ತೇನೆ. ಹಿಮ್ಮಡಿ ಊರಿದರೆ ಕಾಲ್ಗಂಟಿನವರೆಗೆ ಹೋಯಿತೋ, ಗಾಡಿ ಅಲ್ಲೇ ಬಿಟ್ಟು ನಡೆದು ಹೋಗುವುದು. ಮರಳಿನಲ್ಲಿ ಟಾಯರಿನ ಹವಾ 18 ಪಿಎಸ್ಐಗೆ ಇಳಿಸಿದರೆ ತುಂಬಾ ಅನುಕೂಲ. ಹಸಿ ಎರಿಯಲ್ಲಿ ಅದನ್ನೇ ನಂಬಬೇಡಿ, ಹಲ್ಲು ಹೇಗೂ ಮುಚ್ಚುತ್ತದೆ.

ನಿಮ್ಮ ಗಾಡಿಯ ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಕೈಯಿಂದ ತಿರುಗಿಸುವ ಹಬ್ (ಗಾಲಿಯನ್ನು ಎಂಜಿನ್ ಶಕ್ತಿಗೆ ಜೋಡಿಸುವ ಬಿಲ್ಲೆ) ಇದೆಯಾ ನೋಡಿ. ಇದ್ದರೆ ಎರಡನ್ನೂ ಲಾಕ್ ಮಾಡದೆ ಒಳಗಿನ ಫೋರ್ ವೀಲ್ ಲಿವರ್ ಎಳೆದು ಉಪಯೋಗವಿಲ್ಲ. ಕೆಸರಿಗೆ ಇಳಿಯುವ ಮುಂಚೆಯೇ ಮಾಡಿ, ಸಿಕ್ಕಿಬಿದ್ದ ಮೇಲೆ ಅದು ರಾಡಿಯೊಳಗೆ ಇರುತ್ತದೆ.

ಬೆಳಗಾವಿ, ಜಾಂಬೋಟಿ ಕಡೆಯಿಂದ:
ನಮ್ಮದು ಕೆಂಪು ಮಣ್ಣು, ಇಳಿಜಾರು, ಜೂನ್‌ನಿಂದ ಬಿಡದ ಮಳೆ. ಹೀಗಾಗಿ ನನ್ನ ಮೊದಲ ಹೆದರಿಕೆ ಬೇರೆ. ಮನೆಯ ಹಿಂದಿನ ಇಳಿಜಾರಿನಲ್ಲಿ ನನ್ನನ್ನು ಕೂರಿಸಿ ಮಾವನವರು ಫೋರ್ ಲೋ, ಮೊದಲ ಗೇರು ಹಾಕಿಸಿದರು. "ಈಗ ಎರಡೂ ಕಾಲು ಕೆಳಗ ಇಡವ್ವಾ" ಅಂದರು. ಬ್ರೇಕ್ ಬಿಟ್ಟು ಇಳಿಯುವುದು ಹೇಗೆ ಅಂತ ಅಂಗೈ ಒದ್ದೆಯಾಯಿತು. ಗಾಡಿ ಮಾತ್ರ ಗರ್ ಅನ್ನುತ್ತ, ಎಮ್ಮೆ ನಡೆದ ಹಾಗೆ ಇಳಿಯಿತು. ಎಂಜಿನ್ನೇ ಗಾಲಿಗಳನ್ನು ಹಿಡಿದಿಡುತ್ತದೆ. ಕ್ಲಚ್ ಒತ್ತಿದರೆ ಆ ಹಿಡಿತ ಹೋಯಿತು. ಒದ್ದೆ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಗಾಲಿ ನಿಂತು ಗಾಡಿ ಜಾರುತ್ತದೆ. ಇದನ್ನು ಚಿಕ್ಕ ಇಳಿಜಾರಿನಲ್ಲಿ ಹತ್ತು ಸಲ ಮಾಡಿ, ಕಾಲಿಗೆ ನಂಬಿಕೆ ಬರಬೇಕು.

ಇನ್ನೊಂದು. ಒಣ ಡಾಂಬರು ರಸ್ತೆಗೆ ಬಂದ ಕೂಡಲೇ ಟು ವೀಲ್‌ಗೆ ಹಾಕಿ. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಒಂದೇ ದೂರ ಓಡುವುದಿಲ್ಲ. ಮಣ್ಣಿನಲ್ಲಿ ಗಾಲಿ ಸ್ವಲ್ಪ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಆ ಎಳೆದಾಟ ಗೇರಿನ ಮೇಲೆ ಬೀಳುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಮತ್ತೆ, ಕಲಿಯಲಿಕ್ಕೆ ಅಂತ ಈ ಕಡೆ ಬಂದರೆ ಭೀಮಗಡದ ಕಾಡಿನೊಳಗೆ ಗಾಡಿ ಇಳಿಸಬೇಡಿ. ಅದು ಅಭಯಾರಣ್ಯ. ಯಾರದಾದರೂ ಹೊಲ ಕೇಳಿಕೊಳ್ಳಿ, ನಮ್ಮವರು ಇಲ್ಲ ಅನ್ನುವುದಿಲ್ಲ.

ಬಾದಾಮಿಯಿಂದ:
ನನ್ನದು 2023ರ ಜಿಮ್ನಿ, ಮಾರುತಿಯದೇ ಫೋರ್ ವೀಲ್ ಗಾಡಿ. ಒಂದು ಗಾಲಿ ಗಾಳಿಯಲ್ಲಿ ತಿರುಗಿದರೆ ಇದು ತಾನೇ ಆ ಗಾಲಿಗೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕೊಡುತ್ತದೆ. ಹಳೆ ಜಿಪ್ಸಿಯಲ್ಲಿ ಆ ಅನುಕೂಲ ಇಲ್ಲ. ಅದಕ್ಕೇ ಒಡ್ಡು ದಾಟುವಾಗ ಅಡ್ಡಡ್ಡ ಹೋಗಬೇಡಿ, ನೇರ ಏರಿಸಿ, ಎದುರುಬದುರು ಮೂಲೆಯ ಎರಡು ಗಾಲಿ ಎದ್ದರೆ ಅಲ್ಲೇ ನಿಲ್ಲುತ್ತದೆ. ಹಳ್ಳಕ್ಕೆ ಮೊದಲು ಕೋಲು ಹಿಡಿದು ನೀವೇ ಇಳಿಯಿರಿ. ನೀರು ಮೊಣಕಾಲು ಮುಟ್ಟಿದರೆ, ಅಥವಾ ಎಳೆತ ಜಾಸ್ತಿ ಅನ್ನಿಸಿದರೆ, ವಾಪಸ್. ದಾಟಿದ ಮೇಲೆ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ಶರಣು. ಹಬ್ ನೋಡಿದೆ, ಇದೆ. ಎಡಗಡೆಯದು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಎಣ್ಣೆ ಬಿಟ್ಟು ರಾತ್ರಿ ಇಟ್ಟೆ, ಬೆಳಿಗ್ಗೆ ಕಟಕ್ ಅಂತ ಕೂತಿತು. ಅಪ್ಪ ಆಗಲೇ ಚಪ್ಪಲಿ ಬಿಟ್ಟು, ಹಿಮ್ಮಡಿ ಊರಿ ನೋಡುತ್ತ ಹಳ್ಳದ ತನಕ ಹೋಗಿದ್ದಾರೆ.