ಕೆಳಗೆ ನೋಡುವ ದುರ್ಬೀನು: ಕೆಲಸಕ್ಕೆ ಬರುತ್ತಾ, ಸುಮ್ನೆ ಖರ್ಚಾ?

ರಾತ್ರಿಗೂಬೆ: ದುರ್ಬೀನು ಅಂದರೆ ಮೇಲೆ ನೋಡಬೇಕು ಅಲ್ವಾ? ಬಾಹ್ಯಾಕಾಶ ನಿಲ್ದಾಣದ ಮಿನಿ-ಯೂಸೋ ಮಾತ್ರ ಕಿಟಕಿಯಿಂದ ಕೆಳಗೆ, ನಮ್ಮ ಕಡೆಗೇ ನೋಡುತ್ತದೆ. 2019ರಲ್ಲಿ ಮೇಲಕ್ಕೆ ಹೋಯಿತು. 25 ಸೆಂ.ಮೀ.ನ ಎರಡು ಮಸೂರ. ಕತ್ತಲಲ್ಲಿ ಗಾಳಿಯೊಳಗೆ ಮಿನುಗುವ ನೇರಳಾತೀತ ಬೆಳಕನ್ನು ಹಿಡಿಯುತ್ತದೆ. ಒಂದು ನೋಟಕ್ಕೆ 300 ಕಿ.ಮೀ. ಉದ್ದ, ಅಷ್ಟೇ ಅಗಲ. ಹತ್ತಿರ ಹತ್ತಿರ ಅರ್ಧ ಕರ್ನಾಟಕ! ಅರ್ಜೆಂಟೀನಾದ ಪಿಯರ್ ಓಜೇ ವೀಕ್ಷಣಾಲಯ ಕಾಸ್ಮಿಕ್ ಕಿರಣಕ್ಕಾಗಿ (ಬಾಹ್ಯಾಕಾಶದಿಂದ ಬಂದು ಗಾಳಿಗೆ ಬಡಿದು ಇಂಥದೇ ಬೆಳಕು ಮಿನುಗಿಸುವ ಕಣಗಳು) ನೀರಿನ ತೊಟ್ಟಿಗಳನ್ನು ಹರಡಿಕೊಂಡು ಕೂತಿರುವುದು 3000 ಚದರ ಕಿ.ಮೀ.ನಲ್ಲಿ. ನೆಲದ ಕಾಲ ಮುಗಿಯಿತು.

ತೊಟ್ಟಿಪುರಾಣ: "ನೆಲದ ಕಾಲ ಮುಗಿಯಿತು" ಅಂತೆ. ಮಿನಿ-ಯೂಸೋಗೆ ಒಂದು ಕಣ ಕಾಣಬೇಕಾದರೆ ಸುಮಾರು 1000 ಎಕ್ಸಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ ಬೇಕು. ಇಲ್ಲಿವರೆಗಿನ ದಾಖಲೆಯೇ 320. ಅದು ಸಿಕ್ಕಿದ್ದು 1991ರಲ್ಲಿ, ಅಮೆರಿಕದ ಯೂಟಾದಲ್ಲಿ. ನೆಲದಿಂದ!

ರಾತ್ರಿಗೂಬೆ: ನೆಲದಿಂದಲೇ, ಆದರೆ ತೊಟ್ಟಿಯಿಂದಲ್ಲ. ಗಾಳಿಯ ಸಾರಜನಕ ಹೊಳೆದದ್ದನ್ನು ಕನ್ನಡಿಗಳಲ್ಲಿ ನೋಡಿ ಹಿಡಿದರು. ಅದೂ ನೇರಳಾತೀತ ದುರ್ಬೀನೇ.

ಸಿಲ್ಲಿಪಾಯಿಂಟ್: ಆ 320 ಅಂದರೆ 51 ಜೂಲ್. ಕಣ್ಣಿಗೆ ಕಾಣದ ಒಂದು ಕಣದಲ್ಲಿ ಶ್ರೀನಾಥ್ ಎಸೆದ ಚೆಂಡಿನಷ್ಟು ಶಕ್ತಿ!

ಲೆಕ್ಕದ ಮೇಷ್ಟ್ರು: ಶ್ರೀನಾಥ್ ಅಲ್ಲ. ಚೆಂಡು 160 ಗ್ರಾಂ. 51 ಜೂಲ್‌ಗೆ ವೇಗ ಗಂಟೆಗೆ 91 ಕಿ.ಮೀ. ಅದು ಕುಂಬ್ಳೆ. ಶ್ರೀನಾಥ್ 140ರಲ್ಲಿ ಎಸೆದರೆ 120 ಜೂಲ್ ದಾಟುತ್ತದೆ.

ಸಿಲ್ಲಿಪಾಯಿಂಟ್: ಪಿಚ್ ಬಿದ್ದ ಮೇಲೆ ವೇಗ ಇಳಿಯಲ್ವಾ? ನಾನು ಹೇಳಿದ್ದು ಬ್ಯಾಟಿಗೆ ಬರುವ ಹೊತ್ತಿನದು.

ಲೆಕ್ಕದ ಮೇಷ್ಟ್ರು: "ಎಸೆದ ಚೆಂಡು" ಅಂತ ಬರೆದಿದ್ದೀರಿ. ಮೇಲೇ ಇದೆ, ಓದಿಕೊಳ್ಳಿ. ಎಷ್ಟು ಇಳಿದರೂ 140 ಹೋಗಿ 91 ಆಗಲ್ಲ.

ಸಿಲ್ಲಿಪಾಯಿಂಟ್: ಕುಂಬ್ಳೆ ಫ್ಲಿಪ್ಪರ್ 91ಕ್ಕಿಂತ ಜಾಸ್ತಿ ಬರುತ್ತಿತ್ತು. ಅಲ್ಲಿಗೆ ನಿಮ್ಮದೂ ತಪ್ಪು.

ಲೆಕ್ಕದ ಮೇಷ್ಟ್ರು: ಫ್ಲಿಪ್ಪರ್ ಅಂತ ನಾನು ಬರೆದಿದ್ದೀನಾ? ಬರೆದಿದ್ದೀನಾ? ಬರೆಯದೇ ಇದ್ದದ್ದಕ್ಕೆ ಉತ್ತರ ಕೊಡುವ ಚಾಳಿ ಬಿಡಿ.

ತೊಟ್ಟಿಪುರಾಣ: ಇಬ್ಬರೂ ಅಭಿಮಾನಿ ಸಂಘ ಕಟ್ಟಿಕೊಂಡು ಆ ಕಡೆ ಹೋಗಿ.

ಸಿಲ್ಲಿಪಾಯಿಂಟ್: "ಅಭಿಮಾನಿ" ಅಂದದ್ದು ಯಾರಿಗೆ? ನಾನು ಮಾತಾಡಿದ್ದು ವಿಜ್ಞಾನ.

ರಾತ್ರಿಗೂಬೆ: ವಿಷಯಕ್ಕೆ ಬರೋಣ. ಡಿಸೆಂಬರ್‌ನಲ್ಲಿ ಜೆಮಿನಿಡ್ಸ್ ನೋಡಲು ತಾರಸಿ ಮೇಲೆ ಚಾಪೆ ಹಾಸಿ ಮಲಗಿದ್ದೆ. ಉಲ್ಕೆ ಕಂಡಾಗಲೆಲ್ಲ ಲೋಟಕ್ಕೆ ಒಂದು ಕಡ್ಲೆಬೀಜ. ಬೆಳಗಿನ ಜಾವಕ್ಕೆ 31. ಮಿನಿ-ಯೂಸೋ ಎಲ್ಲಾ ಸೇರಿಸಿ ಸುಮಾರು ಆರು ದಿನ ನೋಡಿದ್ದರಲ್ಲೇ 24,000 ಉಲ್ಕೆ ಸಿಕ್ಕಿವೆ. ಇದು ಖರ್ಚಾ?

ತೊಟ್ಟಿಪುರಾಣ: 31 ಬೀಜ ಸರಿ, ತಿಂದದ್ದೆಷ್ಟು? ಕಾಸ್ಮಿಕ್ ಕಿರಣ ಕೇಳಿದರೆ ಉಲ್ಕೆ ತೋರಿಸುತ್ತೀರಿ. ಇದೇ ಯೂಸೋದವರ ದುರ್ಬೀನು ಹೊತ್ತ ಬಲೂನು 2017ರಲ್ಲಿ ನ್ಯೂಜಿಲೆಂಡಿನಿಂದ ಹಾರಿ 12 ದಿನಕ್ಕೆ ಸಮುದ್ರ ಸೇರಿತು. 2023ರದ್ದು ಎರಡು ದಿನವೂ ಇರಲಿಲ್ಲ.

ರಾತ್ರಿಗೂಬೆ: ಬಲೂನು ಸೋರಿದ್ದಕ್ಕೆ ದುರ್ಬೀನು ಏನು ಮಾಡೀತು? ನಿಮ್ಮ ಓಜೇಯಲ್ಲೂ 27 ನೇರಳಾತೀತ ದುರ್ಬೀನುಗಳಿವೆ. ಅದನ್ನು ಯಾಕೆ ನುಂಗಿಕೊಂಡಿರಿ?

ತೊಟ್ಟಿಪುರಾಣ: ಅವು ದುಡಿಯುವುದು ಸುಮಾರು 15% ಹೊತ್ತು ಮಾತ್ರ. ತಿಂಗಳ ಬೆಳಕು ಇರಬಾರದು, ಮೋಡ ಇರಬಾರದು, ಮದುಮಗನಿಗಿಂತ ಜಾಸ್ತಿ ಉಪಚಾರ. ತೊಟ್ಟಿಗೆ ಹಗಲು ರಾತ್ರಿ ಒಂದೇ.

ಚಾಂಪಿಯನ್‌ರೀಫ್: ನೆಲ, ಆಕಾಶ ಅಂತ ಕಿತ್ತಾಡುವವರಿಗೆ: 1965ರಲ್ಲಿ ನಮ್ಮ ಕೆಜಿಎಫ್ ಗಣಿಯಲ್ಲಿ, ಎರಡು ಕಿ.ಮೀ.ಗೂ ಆಳದಲ್ಲಿ, ಕಾಸ್ಮಿಕ್ ಕಿರಣದಿಂದ ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೋಗಳ (ನೆಲವನ್ನೂ ತೂರಿಕೊಂಡು ಹೋಗುವ ಪುಟ್ಟ ಕಣಗಳು) ಗುರುತು ಸಿಕ್ಕಿತ್ತು.

ತೊಟ್ಟಿಪುರಾಣ: ನೋಡಿ, ನೆಲವೇ ಗೆದ್ದಿತು.

ಚಾಂಪಿಯನ್‌ರೀಫ್: ನೆಲದ ಕೆಳಗೆ ರೀ.

ಲೆಕ್ಕದ ಮೇಷ್ಟ್ರು: ಚೆಂಡಿನ ತೂಕ ನಿಯಮದ ಪ್ರಕಾರ 163 ಗ್ರಾಂವರೆಗೂ ಇರಬಹುದು. ಅದನ್ನೇ ಹಿಡಿದು ಮತ್ತೆ ಲೆಕ್ಕ ಮಾಡಿದೆ. 90 ಬಂತು. ಆಗಲೂ ಕುಂಬ್ಳೆಯೇ.