ಹ್ಯಾಲೋವೀನ್ ಮಾಡಬೇಕಾ, ಬೇಡ್ವಾ? ಮಾಡಿದವರು ಅನುಭವ ಹೇಳಿ

ಹಾಸನದವಳು, ಡಬ್ಲಿನ್: ಈ ವರ್ಷವೇ ಇಲ್ಲಿಗೆ ಬಂದೆವು. ಮಗಳಿಗೆ ಆರು ವರ್ಷ. ಅಕ್ಟೋಬರ್ 31ಕ್ಕೆ ಮಾಟಗಾತಿ ವೇಷ ಬೇಕೇ ಬೇಕು ಅಂತ ಹಟ. ಊರಿಂದ ಬಂದಿರುವ ಅತ್ತೆ "ದುಡ್ಡು ಕೊಟ್ಟು ದೆವ್ವ ಕರೆಯುತ್ತೀರಾ?" ಅನ್ನುತ್ತಾರೆ. ಖರ್ಚು ಎಷ್ಟಾಗುತ್ತೆ? ಮನೆಯವರನ್ನು ಹೇಗೆ ಒಪ್ಪಿಸಿದಿರಿ?

ಕಾರ್ಕ್ ಅಕ್ಕ: ನಮ್ಮ ಲೆಕ್ಕ ಕೇಳಿ. ಮಗನ ವೇಷಕ್ಕೆ 22 ಯೂರೋ. ಜಿಪ್ಪು ಮನೆಯಲ್ಲೇ ಕಿತ್ತುಹೋಯಿತು, ಪಿನ್ನು ಚುಚ್ಚಿ ಕಳಿಸಿದೆ. ಹೊರಗೆ ಮಳೆ. ಜಾಕೆಟ್ ಹಾಕಿದ ಮೇಲೆ ಅವನು ಅಸ್ಥಿಪಂಜರ ಅಂತ ಯಾರಿಗೂ ಗೊತ್ತಾಗಲಿಲ್ಲ. ಬಾಗಿಲಿಗೆ ಬರುವ ಮಕ್ಕಳಿಗೆ ಕೊಡುವ ಚಾಕೊಲೇಟ್‌ಗೆ 35 ಯೂರೋ, ಎಂಟು ಗಂಟೆಗೆಲ್ಲ ಖಾಲಿ. ಆಮೇಲೆ ವೇಷವನ್ನೂ ಹಾಕದ ಮೀಸೆ ಹುಡುಗರು ಬಂದರು. ಬಾಳೆಹಣ್ಣು ಕೊಟ್ಟೆ. ಮುಖ ನೋಡಬೇಕಿತ್ತು! ಇಲ್ಲಿಯ ಬಾರ್ಮ್‌ಬ್ರ್ಯಾಕ್ ಗೊತ್ತಲ್ವಾ, ಒಣದ್ರಾಕ್ಷಿ ಬ್ರೆಡ್ಡು? ಒಳಗೆ ಉಂಗುರ ಇರುತ್ತೆ, ಸಿಕ್ಕವರಿಗೆ ವರ್ಷದೊಳಗೆ ಮದುವೆಯಂತೆ. ನಮ್ಮಲ್ಲಿ ಸಿಕ್ಕಿದ್ದು ಮಾವನವರಿಗೆ, ಕಟ್ಟಿಸಿದ ಹಲ್ಲಿನ ಅಡಿಗೆ. ಹಲ್ಲಿನ ಡಾಕ್ಟರಿಗೆ 180 ಯೂರೋ. ಹಬ್ಬದ ಖರ್ಚಿಗೆ ಅದನ್ನೂ ಸೇರಿಸಿಕೊಳ್ಳಿ.

ಮಂಡ್ಯ ಗೌಡ, ನ್ಯೂಜೆರ್ಸಿ: ಇಷ್ಟಕ್ಕೇ ಸುಸ್ತಾದ್ರಾ? ನಮ್ಮ ಬೀದಿಗೆ ಬನ್ನಿ. ಮುಖ ಕೆತ್ತಿ ಒಳಗೆ ದೀಪ ಇಡಲು ನಾಲ್ಕು ಕುಂಬಳಕಾಯಿಗೆ 48 ಡಾಲರ್. ತಿಂಗಳ ಮಧ್ಯದಲ್ಲೇ ಕೆತ್ತಿದೆವು, ಆ ವಾರ ಸೆಕೆ ಬಂತು. ಒಳಗೆಲ್ಲ ಕಪ್ಪು ಬೂಷ್ಟು, ನೊಣ. ಉಳಿದದ್ದರ ಮೂಗನ್ನು ಅಳಿಲು ತಿಂದುಹಾಕಿತು. ವಿನಿಗರ್ ಸವರಿದೆ, ಮೆಣಸಿನಪುಡಿ ಉದುರಿಸಿದೆ. ಅಮೆರಿಕದ ಅಳಿಲಿಗೆ ಖಾರ ಲೆಕ್ಕಕ್ಕೇ ಇಲ್ಲ. ಆದರೂ ಪ್ರತಿ ವರ್ಷ ಮಾಡುತ್ತೇವೆ. ಅಮ್ಮ ಮೊದಲು ಬೈದರು. "ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೀವಲ್ಲ, ಬಾಡೂಟ, ಬೀಡಿ, ಬ್ರಾಂದಿ ಎಲ್ಲಾ, ಅದು ಯಾರಿಗೆ?" ಅಂದೆ. ಆಮೇಲೆ ಮಾತಿಲ್ಲ. ಐರಿಷ್ ಜನ ಕೂಡ ಸೌವಿನ್ (ಇದೇ ಹೊತ್ತಿಗೆ ಬರುವ ಅವರ ಹಳೆಯ ಹಬ್ಬ) ರಾತ್ರಿ ಸತ್ತವರಿಗೆ ಅಂತ ಊಟ ಎತ್ತಿಡುತ್ತಿದ್ದರು. ಎರಡೂ ಒಂದೇ.

ಶಿರಸಿ ಹೆಗಡೆ, ಎಡಿನ್‌ಬರೋ: ಒಂದೇ ಅಲ್ಲ ಗೌಡ್ರೇ. ಮತ್ತೆ ಈ ಕುಂಬಳಕಾಯಿ ಗಲಾಟೆ ನಿಮ್ಮ ಅಮೆರಿಕದ್ದು. 1845ರ ಬರಗಾಲದ ಸುಮಾರಿಗೆ ಹೋದ ಐರಿಷ್ ಜನಕ್ಕೆ ಅಲ್ಲಿ ಅಗ್ಗವಾಗಿ, ಮೆತ್ತಗೆ ಸಿಕ್ಕಿತು ಅಷ್ಟೇ. ಮೂಲದಲ್ಲಿ ಟರ್ನಿಪ್ ಗೆಡ್ಡೆ. ನಾನು ಅದನ್ನೇ ಕೆತ್ತುತ್ತೇನೆ. ಕಲ್ಲಿನ ಹಾಗೆ ಇರುತ್ತೆ. ಮೊದಲ ಸಲ ಎರಡು ಸ್ಟೀಲ್ ಚಮಚ ಬಾಗಿದವು, ಹೆಬ್ಬೆರಳಿಗೆ ಹೊಲಿಗೆ ಬಿತ್ತು. ಆದರೆ ದೀಪ ಇಟ್ಟ ಮೇಲೆ ನೋಡಬೇಕು, ನಿಮ್ಮ ನಗುವ ಕುಂಬಳದ ಹಾಗಲ್ಲ, ಸುಕ್ಕುಗಟ್ಟಿದ ಹೆಣದ ಮುಖ. ಐರ್ಲೆಂಡಿನ ಮೇಯೋ ಜಿಲ್ಲೆಯ ಟರ್ಲೋ ಪಾರ್ಕ್ ಮ್ಯೂಸಿಯಂನಲ್ಲಿ ಅಂಥದ್ದೊಂದರ ಪ್ಲಾಸ್ಟರ್ ಅಚ್ಚು ಇದೆ. ಇಲ್ಲಿ ಸ್ಕಾಟ್ಲೆಂಡಿನಲ್ಲಿ ಮಕ್ಕಳು ಪುಕ್ಕಟೆ ಚಾಕೊಲೇಟ್ ಕೇಳುವುದಿಲ್ಲ, ಹಾಡೋ ಜೋಕೋ ಹೇಳಿ ಸಂಪಾದಿಸುತ್ತಾರೆ.

ಮಂಡ್ಯ ಗೌಡ, ನ್ಯೂಜೆರ್ಸಿ: ಹೊಲಿಗೆ ಹಾಕಿಸಿಕೊಂಡು ಹಬ್ಬ ಮಾಡೋದು ನಿಮಗೇ ಇರಲಿ ಸ್ವಾಮಿ.

ಬಾಗಿಲು ಭದ್ರ, ಬೆಲ್‌ಫಾಸ್ಟ್: ನಾವು ಮಾಡಲ್ಲ. ದೀಪ ಆರಿಸಿ ಒಳಗೆ ಕೂರುತ್ತೇವೆ. ಒಂದು ವರ್ಷ ಬಾಗಿಲಿಗೆ ಮೊಟ್ಟೆ ಹೊಡೆದರು. ಬೆಳಗ್ಗೆ ನೋಡುವಷ್ಟರಲ್ಲಿ ಒಣಗಿ ಬಣ್ಣವೇ ಎದ್ದುಬಂತು. ಪೇಂಟಿಂಗ್‌ಗೆ 140 ಪೌಂಡ್. 2024ರಲ್ಲಿ ನರಕ ಚತುರ್ದಶಿ ಇದೇ ದಿನ ಬಂತು. ಎಣ್ಣೆಸ್ನಾನ ಬಿಟ್ಟು ಬಾವಲಿ ರೆಕ್ಕೆ ಕಟ್ಟಿಕೊಳ್ಳಬೇಕಿತ್ತಾ? ಅಷ್ಟಕ್ಕೂ ಇದು ಚರ್ಚಿನವರು ಬಡಪಾಯಿ ಐರಿಷ್ ಹಳ್ಳಿಗರ ಸೌವಿನ್‌ನಿಂದ ಕದ್ದ ಹಬ್ಬ.

ಶಿರಸಿ ಹೆಗಡೆ, ಎಡಿನ್‌ಬರೋ: ಕದ್ದರು ಅನ್ನುವುದು ಎಲ್ಲರೂ ಸುಮ್ನೆ ಹೇಳುವ ಮಾತು. ಹಳೆಯ ಐರಿಷ್ ಚರ್ಚು ಸಕಲ ಸಂತರ ಹಬ್ಬವನ್ನು (ಹ್ಯಾಲೋವೀನ್ ಅಂದರೆ ಅದರ ಹಿಂದಿನ ರಾತ್ರಿ) ಏಪ್ರಿಲ್ 20ಕ್ಕೆ ಮಾಡುತ್ತಿತ್ತು. ನವೆಂಬರ್ 1 ಇಂಗ್ಲೆಂಡ್, ಜರ್ಮನಿ ಕಡೆಯಿಂದ ಬಂದದ್ದು. ಐರಿಷ್ ಹಬ್ಬ ಕದಿಯಲು ಐರ್ಲೆಂಡ್‌ಗೇ ಬರದ ಕಳ್ಳನಾ?

ಬಾಗಿಲು ಭದ್ರ, ಬೆಲ್‌ಫಾಸ್ಟ್: ಹಾಗಾದ್ರೆ ಸೌವಿನ್ ಸುಳ್ಳಾ?

ಕಾರ್ಕ್ ಅಕ್ಕ: ಯಾರು ಹೇಳಿದ್ದು? ಇಲ್ಲೇ ಐರ್ಲೆಂಡಿನ ರಾಸ್‌ಕಾಮನ್‌ನ ರ‍್ಯಾತ್‌ಕ್ರೋಹನ್‌ನಲ್ಲಿ ಬೆಕ್ಕುಗಳ ಗುಹೆ ಅಂತಲೇ ಇದೆ. ಸೌವಿನ್ ರಾತ್ರಿ ಅದರಿಂದ ದೆವ್ವಪಿಶಾಚಿ ಹೊರಗೆ ಬರುತ್ತವೆ ಅಂತ ಹಳೆಯ ಕಥೆಗಳು. ಒಳಗೆ ಇಳಿದಿದ್ದೇನೆ, ಬಗ್ಗಿಕೊಂಡೇ ಹೋಗಬೇಕು. ಪ್ಯಾಂಟಿನ ಕೆಸರು ಇವತ್ತಿಗೂ ಹೋಗಿಲ್ಲ.

ಹಾಸನದವಳು, ಡಬ್ಲಿನ್: ಅಯ್ಯೋ, ಅತ್ತೆ ಈಗ ಹೊಸದು ತೆಗೆದಿದ್ದಾರೆ. ಹೆಂಗಸರು ಇಡೀ ಕುಂಬಳಕಾಯಿ ಒಡೆಯಬಾರದಂತೆ.

ಮಂಡ್ಯ ಗೌಡ, ನ್ಯೂಜೆರ್ಸಿ: ಸರಿಯಾಗೇ ಹೇಳಿದ್ದಾರೆ. ಮೊದಲ ಚಾಕು ನಾನೇ ಹಾಕೋದು.

ಕಾರ್ಕ್ ಅಕ್ಕ: ಬಂದ್ರು ಗಂಡಸರು. ಆಮೇಲೆ ಆ ಅಂಟು ತಿರುಳು ತೋಡುವವರು, ನೆಲ ಒರೆಸುವವರು ಯಾರಪ್ಪಾ? ಹಾಸನದವರೇ, ಹೊಸ ಮನೆಗೆ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ದೃಷ್ಟಿಗೆ ನೇತುಹಾಕುತ್ತಾರಲ್ಲ, ಇದೂ ಹಾಗೇ ಅಂತ ಹೇಳಿ. ನಮ್ಮ ಮಾವ ಅದಕ್ಕೇ ಒಪ್ಪಿದ್ದು.

ಶಿರಸಿ ಹೆಗಡೆ, ಎಡಿನ್‌ಬರೋ: ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಕಾರ್ಕ್ ಅಕ್ಕ: ನಿಮ್ಮನ್ನು ಯಾರು ಕೇಳಿದ್ರು? ತೋಡಿದ ತಿರುಳಿನಲ್ಲಿ ಹುಳಿ ಮಾತ್ರ ಮಾಡಬೇಡಿ. ಕೆತ್ತುವ ಕುಂಬಳ ಬರೀ ನೀರು, ರುಚಿಯೇ ಇಲ್ಲ. ಬೀಜ ಹುರಿದು ತಿನ್ನಿ.

ಶಿರಸಿ ಹೆಗಡೆ, ಎಡಿನ್‌ಬರೋ: ಅಕ್ಕಿ ಜೊತೆ ರುಬ್ಬಿ ದೋಸೆ ಹುಯ್ಯಿರಿ, ಚೆನ್ನಾಗಿರುತ್ತೆ.

ಮಂಡ್ಯ ಗೌಡ, ನ್ಯೂಜೆರ್ಸಿ: ಟರ್ನಿಪ್ಪಿನವರಿಗೆ ಈಗ ನಮ್ಮ ಕುಂಬಳದ ದೋಸೆ ಬೇಕಾಯ್ತಾ?